ಪಾವಗಡದ ನೀರಲ್ಲಿ ಹವಳದ ಬಣ್ಣ ಉಳಿಯತ್ತಾ?

ರೀಲ್ಸ್ ನೋಡ್ತಾ ಕೂತ್ರೆ ದಿನಕ್ಕೊಂದಾದರೂ ರೀಫ್ ಅಕ್ವೇರಿಯಂ ಎದುರಾಗತ್ತೆ. ಗಾಜಿನ ತೊಟ್ಟಿ, ಮೇಲಿಂದ ನೀಲಿ ಬೆಳಕು, ಒಳಗೆ ಹಸಿರು, ನೇರಳೆ, ಕಿತ್ತಳೆ ಬಣ್ಣದ ಹವಳಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಹೀಗೆ ನಾಲ್ಕು ತಾಲ್ಲೂಕುಗಳಿಂದ ಬಂದು ಒಂದೇ ಹಾಸ್ಟೆಲ್‌ನಲ್ಲಿರೋ ನಮಗೆ ಅದನ್ನ ನೋಡಿದಾಗಲೆಲ್ಲ ಒಂದೇ ಪ್ರಶ್ನೆ: ಇದು ನಮ್ಮೂರಲ್ಲಿ ಆಗೋ ಕೆಲಸನಾ? ನಮ್ಮ ನಾಲ್ಕೂ ಊರಿಗೆ ಸಮುದ್ರ 200 ಕಿ.ಮೀ.ಗಿಂತ ದೂರ. ಮನೆಗೆ ಬರೋದು ಬೋರ್‌ವೆಲ್ ನೀರು. ಬೇಸಿಗೆ ಬಂತು ಅಂದ್ರೆ ಶೀಟ್ ಮನೆ ಒಲೆ ಥರ ಆಗತ್ತೆ.

ಉತ್ತರ ಹುಡುಕೋಕೆ ಹೋದ್ರೆ ವಿಷಯ ಅಕ್ವೇರಿಯಂಗೆ ನಿಲ್ಲಲಿಲ್ಲ. ಹವಳದ ಆರೋಗ್ಯದ ಲೆಕ್ಕವೂ ನಮ್ಮೂರ ಕುಡಿಯೋ ನೀರಿನ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಕೆಮಿಸ್ಟ್ರಿ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀವಿ.

ಮೊದಲು ಕಾನೂನು

ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. 2001ರಲ್ಲಿ ಇವನ್ನು ಆ ಪಟ್ಟಿಗೆ ಸೇರಿಸಿದರು. ಇವುಗಳ ಜೊತೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಕೂಡ ಇವೆ. ಮೊದಲ ಅನುಸೂಚಿ ಅಂದ್ರೆ ಹುಲಿ, ಆನೆ ಇರುವ ಪಟ್ಟಿ. ಸಮುದ್ರದಿಂದ ಕೀಳೋದು, ಮಾರೋದು ಅಪರಾಧ. ಕನಿಷ್ಠ 3 ವರ್ಷ ಜೈಲು. ಅಮೆರಿಕ, ಯೂರೋಪಿನಲ್ಲಿ ಹವಳದ ತುಂಡನ್ನು ತೊಟ್ಟಿಯಲ್ಲೇ ಬೆಳೆಸಿ ಮಾರೋ ದೊಡ್ಡ ವ್ಯಾಪಾರ ಇದೆ, ರೀಲ್ಸ್ ಬರೋದು ಅಲ್ಲಿಂದ. ನಮ್ಮಲ್ಲಿ ಯಾರಾದ್ರೂ "ಒಂದು ಪೀಸ್ ಕೊಡ್ತೀನಿ ಬ್ರೋ" ಅಂದ್ರೆ ಅದನ್ನ ತಗೊಳ್ಳಬೇಡಿ.

ಹಾಗಾದ್ರೆ ಯಾಕೆ ಓದಬೇಕು? ಸಮುದ್ರದಲ್ಲಿರೋ ಹವಳ ಯಾಕೆ ಸಾಯ್ತಿದೆ ಅಂತ ಅರ್ಥ ಆಗೋಕೆ ತೊಟ್ಟಿಗಿಂತ ಒಳ್ಳೆಯ ಮಾದರಿ ಇಲ್ಲ. ತೊಟ್ಟಿ ಅಂದ್ರೆ 100 ಲೀಟರಿಗೆ ಇಳಿಸಿದ ಸಮುದ್ರ. ಅಲ್ಲಿ ಯಾವ ಅಂಶ ಏರುಪೇರಾದರೂ ಹವಳ ತನ್ನ ಬಣ್ಣದಲ್ಲೇ ತೋರಿಸತ್ತೆ.

ಬಣ್ಣ ಎಲ್ಲಿಂದ ಬರತ್ತೆ?

ಹವಳ ಅಂದ ತಕ್ಷಣ ನಮ್ಮ ಕಡೆ ನೆನಪಾಗೋದು ಉಂಗುರದ ಕೆಂಪು ಹವಳ, ಮಂಗಳ ಗ್ರಹಕ್ಕೆ ಹಾಕ್ಕೊಳ್ಳೋದು. ಅದು ಬೇರೆ ಜಾತಿ. ಬೆಳಕು ಕಡಿಮೆ ಇರೋ ಜಾಗದಲ್ಲಿ ಬೆಳೆಯತ್ತೆ, ಕೆಂಪು ಬಣ್ಣ ಅದರ ಅಸ್ಥಿಪಂಜರದಲ್ಲೇ ಇರತ್ತೆ. ದಿಬ್ಬ ಕಟ್ಟುವ ಹವಳದ ಅಸ್ಥಿಪಂಜರ ಸಾಮಾನ್ಯವಾಗಿ ಸುಣ್ಣದ ಹಾಗೆ ಬಿಳಿ. ಬಣ್ಣವೆಲ್ಲ ಅದರ ಮೇಲಿರೋ ತೆಳು ಮಾಂಸದ ಪದರದಲ್ಲಿ.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಪಾಲಿಪ್ ಅನ್ನೋ ಪುಟ್ಟ ಪುಟ್ಟ ಪ್ರಾಣಿಗಳ ವಠಾರ. ಪ್ರತಿ ಪಾಲಿಪ್‌ನ ಜೀವಕೋಶಗಳೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರತ್ತೆ, ಹೆಸರು ಝೂಕ್ಸಾಂಥೆಲ್ಲೆ. ಪಾಚಿ ಬಿಸಿಲಲ್ಲಿ ದ್ಯುತಿಸಂಶ್ಲೇಷಣೆ ಮಾಡಿ ಸಕ್ಕರೆ ಕೊಡತ್ತೆ, ಅದೇ ಬಾಡಿಗೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಹೀಗೇ ಬರೋದು. ಬದಲಿಗೆ ಹವಳ ಪಾಚಿಗೆ ಜಾಗ, ಕಾರ್ಬನ್ ಡೈಆಕ್ಸೈಡ್, ಸಾರಜನಕ ಕೊಡತ್ತೆ.

ಈ ಪಾಚಿಯ ಬಣ್ಣ ಕಂದು. ಹಸಿರು, ಗುಲಾಬಿ, ನೇರಳೆ ಬಣ್ಣಗಳು ಹವಳ ತಾನೇ ತಯಾರಿಸುವ ಪ್ರೋಟೀನ್‌ಗಳಿಂದ ಬರ್ತವೆ. ಇವುಗಳಲ್ಲಿ ಕೆಲವು ನೀಲಿ ಬೆಳಕು ಹೀರಿ ಹಸಿರು ಅಥವಾ ಕೆಂಪು ಹೊಳಪು ಬಿಡ್ತವೆ. 2008ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದು ಜೆಲ್ಲಿ ಮೀನಿನ ಹಸಿರು ಹೊಳಪಿನ ಪ್ರೋಟೀನಿಗೆ; ಹವಳದಲ್ಲಿರೋದು ಅದೇ ಕುಟುಂಬದ್ದು.

ಇದರಿಂದ ಬಣ್ಣ ಓದೋ ಸೂತ್ರ ಸಿಗತ್ತೆ. ಹವಳ ಕಂದಾಗಿ ಮಂಕಾದ್ರೆ ಒಳಗೆ ಪಾಚಿ ಜಾಸ್ತಿ ಆಗಿದೆ ಅಂತ. ನೀರಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಿರಬಹುದು ಅಥವಾ ಬೆಳಕು ಕಡಿಮೆ ಇರಬಹುದು. ಪೇಲವ ಆದ್ರೆ ಪಾಚಿ ಕಡಿಮೆ ಆಗ್ತಿದೆ. ಬೆಳಕು ಅತಿ ಆಗಿರಬಹುದು, ಅಥವಾ ಪೋಷಕಾಂಶ ಪೂರ್ತಿ ಸೊನ್ನೆ ಆಗಿರಬಹುದು. ಪೂರ್ತಿ ಬಿಳಿ ಆಯ್ತು ಅಂದ್ರೆ ಪಾಚಿಯನ್ನ ಹೊರಗೆ ಹಾಕಿದೆ, ಪಾರದರ್ಶಕ ಮಾಂಸದ ಕೆಳಗಿನ ಎಲುಬು ಕಾಣ್ತಿದೆ. ಇದೇ ಬ್ಲೀಚಿಂಗ್. ಬಿಳಿ ಆದ ತಕ್ಷಣ ಹವಳ ಸತ್ತಿರಲ್ಲ, ಆದ್ರೆ ಉಪವಾಸ ಶುರುವಾಗಿರತ್ತೆ. ಬೇಗ ಪರಿಸ್ಥಿತಿ ಸರಿಹೋದ್ರೆ ಪಾಚಿ ವಾಪಸ್ ಬರತ್ತೆ.

ಬೆಳಕು: ನಮ್ಮಲ್ಲಿ ಕೊರತೆ ಇಲ್ಲದ ಒಂದೇ ವಸ್ತು

2019ರ ಕೊನೆಗೆ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್ ಮುಟ್ಟಿತು. ಸುಮಾರು 13,000 ಎಕರೆ. ಹಾಗಾಗಿ ನಮ್ಮೂರಿನ ಬಿಸಿಲಿನ ಬಗ್ಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಹವಳಕ್ಕೆ ವ್ಯಾಟ್ ಲೆಕ್ಕ ಸಾಲದು. ದ್ಯುತಿಸಂಶ್ಲೇಷಣೆಗೆ ಉಪಯೋಗವಾಗುವ ಫೋಟಾನ್‌ಗಳು ಸೆಕೆಂಡಿಗೆ, ಚದರ ಮೀಟರಿಗೆ ಎಷ್ಟು ಬೀಳ್ತವೆ ಅನ್ನೋದು ಮುಖ್ಯ. ಇದನ್ನ ಪಾರ್ ಅಂತಾರೆ. ನಡು ಮಧ್ಯಾಹ್ನದ ನೇರ ಬಿಸಿಲಲ್ಲಿ ಇದು ಸುಮಾರು 2,000. ಮೃದು ಹವಳಗಳಿಗೆ 50ರಿಂದ 150 ಸಾಕು. ಕವಲು ಕವಲಾಗಿ ಬೆಳೆಯೋ ಗಟ್ಟಿ ಹವಳಗಳಿಗೆ 200ರಿಂದ 350.

ನೀರು ಕೆಂಪು ಬೆಳಕನ್ನ ಬೇಗ ಹೀರತ್ತೆ, ನೀಲಿ ಆಳಕ್ಕೆ ಇಳಿಯತ್ತೆ. ಹವಳದ ಪಾಚಿ ಹೊಂದಿಕೊಂಡಿರೋದು ಆ ನೀಲಿಗೆ. ಅದಕ್ಕೇ ಆ ತೊಟ್ಟಿಗಳ ಎಲ್‌ಇಡಿ ನೀಲಿಯಾಗಿರೋದು. ಹೊಸ ದೀಪ ಹಾಕಿದ್ರೆ ಒಂದೇ ದಿನಕ್ಕೆ ಪೂರ್ತಿ ಜೋರು ಮಾಡೋದಿಲ್ಲ. ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸ್ತಾರೆ. ಹಾಸ್ಟೆಲ್ ರೂಮಲ್ಲಿದ್ದವನನ್ನ ಏಕಾಏಕಿ ಏಪ್ರಿಲ್ ಬಿಸಿಲಲ್ಲಿ ಗದ್ದೆಗೆ ಇಳಿಸಿದ್ರೆ ಏನಾಗತ್ತೋ ಹವಳಕ್ಕೂ ಅದೇ.

ಶಾಖ: ಒಂದು ಡಿಗ್ರಿ ಅಂದ್ರೆ ಎಷ್ಟು?

ರೀಫ್ ತೊಟ್ಟಿಯನ್ನ ಸಾಮಾನ್ಯವಾಗಿ 25–26 ಡಿಗ್ರಿಯಲ್ಲಿ ಇಡ್ತಾರೆ. ಹವಳ ತನ್ನ ಜಾಗದ ಬೇಸಿಗೆಯ ಗರಿಷ್ಠ ಉಷ್ಣತೆಯ ಹತ್ತಿರದಲ್ಲೇ ಬದುಕತ್ತೆ, ಮೇಲೆ ಜಾಗ ಬಹಳ ಇಲ್ಲ. ಸಮುದ್ರದಲ್ಲಿ ಇದನ್ನ ಅಳೆಯೋಕೆ ಒಂದು ಸರಳ ಲೆಕ್ಕ ಇದೆ: ಮಾಮೂಲಿ ಬೇಸಿಗೆ ಗರಿಷ್ಠಕ್ಕಿಂತ ಎಷ್ಟು ಡಿಗ್ರಿ ಜಾಸ್ತಿ, ಎಷ್ಟು ವಾರ ಅನ್ನೋದರ ಗುಣಲಬ್ಧ. 1 ಡಿಗ್ರಿ ಹೆಚ್ಚು 4 ವಾರ ಇದ್ರೆ 4. ಅಲ್ಲಿಗೆ ಬ್ಲೀಚಿಂಗ್ ಶುರು. 8 ಮುಟ್ಟಿದ್ರೆ ಸಾವು ಶುರು. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಬ್ಲೀಚ್ ಆಯ್ತು. ಅದೇ 2024ರ ಏಪ್ರಿಲ್‌ನಲ್ಲಿ ಇಡೀ ಜಗತ್ತಿನ ನಾಲ್ಕನೇ ಸಾಮೂಹಿಕ ಬ್ಲೀಚಿಂಗ್ ನಡೀತಿದೆ ಅಂತ ವಿಜ್ಞಾನಿಗಳು ಘೋಷಿಸಿದರು.

ನಮ್ಮೂರ ಏಪ್ರಿಲ್‌ನಲ್ಲಿ ತೊಟ್ಟಿಯನ್ನ ತಂಪಾಗಿಡೋದು ಹೇಗೆ? ದುಡ್ಡಿದ್ರೆ ಚಿಲ್ಲರ್. ಇಲ್ಲದವರು ನೀರಿನ ಮೇಲೆ ಫ್ಯಾನ್ ಹಾಕ್ತಾರೆ, ಏರ್ ಕೂಲರ್ ಕೆಲಸ ಮಾಡೋ ಸೂತ್ರವೇ. ಮಂಗಳೂರಲ್ಲಿ ಗಾಳಿಯಲ್ಲೇ ತೇವ ಇರೋದ್ರಿಂದ ಇದು ಅಷ್ಟಾಗಿ ನಡೆಯಲ್ಲ. ಪಾವಗಡದ ಒಣ ಗಾಳಿಗೆ ಚೆನ್ನಾಗಿ ನಡೆಯತ್ತೆ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೌಲ್ ಬೇಕು. 100 ಲೀಟರ್ ನೀರನ್ನ 1 ಡಿಗ್ರಿ ಇಳಿಸೋಕೆ ತೆಗೆಯಬೇಕಾದ ಶಾಖ ಸುಮಾರು 420 ಕಿಲೋಜೌಲ್. ಅಂದ್ರೆ ಒಂದು ಲೀಟರ್ ಆರಿದ್ರೆ ಐದು ಡಿಗ್ರಿಗಿಂತ ಜಾಸ್ತಿ ಇಳಿಸೋವಷ್ಟು ಶಾಖ ಹೊರಗೆ ಹೋಯ್ತು. ರೂಮಿನ ಬಿಸಿ ಗಾಳಿಯಿಂದ ಶಾಖ ವಾಪಸ್ ಬರ್ತಾನೇ ಇರೋದ್ರಿಂದ ನಿಜವಾಗಿ ಅಷ್ಟು ಇಳಿಯಲ್ಲ, ಆದ್ರೂ ಎರಡು ಮೂರು ಡಿಗ್ರಿಗೆ ಮೋಸ ಇಲ್ಲ.

ಒಂದು ಎಚ್ಚರಿಕೆ. ಕರೆಂಟ್ ಹೋದ್ರೆ ಫ್ಯಾನ್ ಜೊತೆ ಪಂಪೂ ನಿಲ್ಲತ್ತೆ. ಹರಿವು ನಿಂತ ನೀರಲ್ಲಿ ಆಮ್ಲಜನಕ ಬೇಗ ಕಡಿಮೆ ಆಗತ್ತೆ, ಬಿಸಿ ನೀರಲ್ಲಿ ಇನ್ನೂ ಬೇಗ. ಹಾಗಾಗಿ ಬ್ಯಾಟರಿಯಲ್ಲಿ ಓಡೋ ಒಂದು ಚಿಕ್ಕ ಏರ್ ಪಂಪ್ ದೀಪಕ್ಕಿಂತ ಮುಖ್ಯ.

ನೀರು ಆರತ್ತೆ, ಉಪ್ಪು ಆರಲ್ಲ

ಇಲ್ಲಿಂದ ವಿಷಯ ನಮ್ಮೂರಿಗೆ ಬರತ್ತೆ. ಫ್ಯಾನ್ ಹಾಕಿದ 100 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ 3 ಲೀಟರ್ ಆರಿತು ಅಂದ್ಕೊಳ್ಳೋಣ. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. 3 ಲೀಟರ್ ಹೋದ ಮೇಲೆ 97 ಲೀಟರಲ್ಲಿ ಅದೇ 3,500 ಗ್ರಾಂ ಉಪ್ಪು ಉಳಿಯತ್ತೆ, ಅಂದ್ರೆ ಲೀಟರಿಗೆ 36 ಗ್ರಾಂ. ಹಾಗಾಗಿ ದಿನಾ ತುಂಬಬೇಕಾದ್ದು ಉಪ್ಪು ನೀರಲ್ಲ, ಸಿಹಿ ನೀರು. ಮನೆಯ ನಲ್ಲಿ ನೀರನ್ನೇ ತುಂಬಿದ್ರೆ?

ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ನೈಟ್ರೇಟನ್ನ ಲೀಟರಿಗೆ 45 ಮಿ.ಗ್ರಾಂವರೆಗೆ ಒಪ್ಪತ್ತೆ. ಹಾಗಿರೋ ನೀರನ್ನ ದಿನಕ್ಕೆ 3 ಲೀಟರಿನಂತೆ 30 ದಿನ ತುಂಬಿದ್ರೆ ಒಟ್ಟು 90 ಲೀಟರ್, 4,050 ಮಿ.ಗ್ರಾಂ ನೈಟ್ರೇಟ್. ನೀರು ಆರಿಹೋಗತ್ತೆ, ನೈಟ್ರೇಟ್ ಕೂತ್ಕೊಳ್ಳತ್ತೆ. ತಿಂಗಳ ಕೊನೆಗೆ ತೊಟ್ಟಿಯಲ್ಲಿ ಲೀಟರಿಗೆ 40 ಮಿ.ಗ್ರಾಂ ಹೆಚ್ಚಾಗಿರತ್ತೆ. ಹವಳದ ತೊಟ್ಟಿಯಲ್ಲಿ ಇದನ್ನ ಸಾಮಾನ್ಯವಾಗಿ 10ರ ಒಳಗೆ ಇಡ್ತಾರೆ. ನಾವು ಕುಡಿಯಬಹುದಾದ ನೀರೇ ಒಂದು ತಿಂಗಳಲ್ಲಿ ಹವಳವನ್ನ ಕಂದು ಮಾಡತ್ತೆ.

ಪರಿಹಾರ ಆರ್‌ಓ ನೀರು. ಅದೂ ಟಿಡಿಎಸ್ ಸೊನ್ನೆ ಹತ್ತಿರ ಬರೋ ಹಾಗೆ, ಆರ್‌ಓ ಆದಮೇಲೆ ಅಯಾನ್ ಹೀರೋ ರಾಳದ ಇನ್ನೊಂದು ಫಿಲ್ಟರ್ ದಾಟಿಸಿ. ತಮಾಷೆ ಅಂದ್ರೆ ನಮ್ಮ ತಾಲ್ಲೂಕುಗಳಲ್ಲಿ ಆರ್‌ಓ ಹೊಸದೇನಲ್ಲ. ನಾಣ್ಯ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬೋ ಶುದ್ಧ ಕುಡಿಯುವ ನೀರಿನ ಘಟಕ ಊರೂರಲ್ಲೂ ಇದೆ. ಅವು ಯಾಕೆ ಬಂದವು ಅನ್ನೋದಕ್ಕೆ ಮುಂದಿನ ಲೆಕ್ಕ.

ಗಡಸು ನೀರು ನಿಜಕ್ಕೂ ಎಷ್ಟು ಗಡಸು?

ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ಇಡಿಟಿಎ ಟೈಟ್ರೇಷನ್, ವೈನ್ ಕೆಂಪು ಹೋಗಿ ನೀಲಿ ಬರೋವರೆಗೆ ಬ್ಯುರೆಟ್ ಹಿಡ್ಕೊಂಡು ನಿಂತಿದ್ದು. ರೀಫ್ ತೊಟ್ಟಿ ಇಟ್ಟವರು ವಾರವಾರ ಮಾಡೋದು ಇದೇ ಥರದ ಪ್ರಯೋಗ, ಹನಿ ಎಣಿಸೋ ಪುಟ್ಟ ಕಿಟ್‌ನಲ್ಲಿ.

ಕುಡಿಯುವ ನೀರಿನ ಗಡಸುತನಕ್ಕೆ ನಮ್ಮ ಮಾನಕದ ಕೊನೇ ಮಿತಿ ಲೀಟರಿಗೆ 600 ಮಿ.ಗ್ರಾಂ. ಅದಕ್ಕೇ ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟತ್ತೆ. ಸಮುದ್ರದ ನೀರಲ್ಲಿ ಕ್ಯಾಲ್ಷಿಯಂ ಸುಮಾರು 410, ಮೆಗ್ನೀಷಿಯಂ ಸುಮಾರು 1,290 ಮಿ.ಗ್ರಾಂ. ಗಡಸುತನಕ್ಕೆ ಪರಿವರ್ತಿಸಿದ್ರೆ 6,300 ಆಸುಪಾಸು. ಹವಳದ ಕಣ್ಣಲ್ಲಿ ನಮ್ಮ ಬೋರ್ ನೀರು ತೀರಾ ಮೆದು!

ಆದರೆ ಕ್ಷಾರೀಯತೆಯಲ್ಲಿ ಕಥೆ ಉಲ್ಟಾ. ಸಮುದ್ರದಲ್ಲಿ ಅದು ಸುಮಾರು 115–120 ಮಿ.ಗ್ರಾಂ ಅಷ್ಟೇ. ಗ್ರಾನೈಟ್ ನಾಡಿನ ಬೋರ್ ನೀರಲ್ಲಿ ಬೈಕಾರ್ಬೊನೇಟ್‌ನಿಂದಾಗಿ 300 ಇದ್ರೂ ಆಶ್ಚರ್ಯ ಇಲ್ಲ. ಅಂದ್ರೆ ನಮ್ಮ ನೀರಲ್ಲಿ ಹವಳಕ್ಕೆ ಬೇಕಾದ ಎರಡು ಕಚ್ಚಾವಸ್ತುಗಳ ಪ್ರಮಾಣವೇ ತಪ್ಪು. ಹವಳ ಕ್ಯಾಲ್ಷಿಯಂ ಕಾರ್ಬೊನೇಟ್ ಕಟ್ಟುವಾಗ ಪ್ರತಿ 20 ಮಿ.ಗ್ರಾಂ ಕ್ಯಾಲ್ಷಿಯಂಗೆ 50 ಮಿ.ಗ್ರಾಂ ಕ್ಷಾರೀಯತೆ ಬಳಸತ್ತೆ. ಈ ಅನುಪಾತ ಬದಲಾಗಲ್ಲ. ಒಂದನ್ನೇ ಸುರಿದ್ರೆ ಇನ್ನೊಂದು ಬಿಳಿ ಪುಡಿಯಾಗಿ ತಳಕ್ಕೆ ಕೂರತ್ತೆ, ಪಂಪಿಗೆ ಅಂಟಿಕೊಳ್ಳತ್ತೆ.

ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಕೊಡೋ ಹಳೇ ವಿಧಾನ ಯಾವುದು ಗೊತ್ತಾ? ಸುಣ್ಣದ ತಿಳಿ. ಶುದ್ಧ ಸುಣ್ಣವನ್ನ ಆರ್‌ಓ ನೀರಲ್ಲಿ ಕದಡಿ, ಕೂರೋಕೆ ಬಿಟ್ಟು, ಮೇಲಿನ ತಿಳಿಯನ್ನ ಮಾತ್ರ ರಾತ್ರಿಯಿಡೀ ಹನಿ ಹನಿಯಾಗಿ ಬಿಡ್ತಾರೆ. ಜರ್ಮನಿಯ ಹವ್ಯಾಸಿಗಳಿಂದ ಬಂದ ಕ್ರಮ ಆದ್ದರಿಂದ ಜಗತ್ತೆಲ್ಲ ಇದನ್ನ ಕಾಲ್ಕ್‌ವಾಸರ್ ಅನ್ನತ್ತೆ. ಅರ್ಥ ಸುಣ್ಣದ ನೀರು ಅಂತಲೇ. ಇದರ ಪಿಎಚ್ 12ರ ಮೇಲೆ, ಒಮ್ಮೆಲೇ ಸುರಿದ್ರೆ ಎಲ್ಲಾ ಸಾಯತ್ತೆ. ರಾತ್ರಿಯೇ ಯಾಕೆ? ಕತ್ತಲಲ್ಲಿ ಪಾಚಿ ಕಾರ್ಬನ್ ಡೈಆಕ್ಸೈಡ್ ಬಳಸೋದು ನಿಲ್ಲಿಸತ್ತೆ, ತೊಟ್ಟಿಯ ಪಿಎಚ್ ಇಳಿಯತ್ತೆ. ಸುಣ್ಣ ಅದನ್ನ ಎತ್ತಿ ಹಿಡಿಯತ್ತೆ. ಎಲೆ ಅಡಿಕೆ ಸುಣ್ಣದಲ್ಲಿ ಬೇರೆ ಏನೇನಿದೆ ಅಂತ ಡಬ್ಬಿ ಮೇಲೆ ಬರೆದಿರಲ್ಲ, ಅದು ಈ ಕೆಲಸಕ್ಕೆ ಬೇಡ.

ಫ್ಲೋರೈಡ್: ಹವಳ ತಡ್ಕೊಳ್ಳತ್ತೆ, ನಾವು ತಡ್ಕೊಳ್ಳಲ್ಲ

ಪಾವಗಡ ಅಂದ್ರೆ ಎಲ್ಲರೂ ಕೇಳೋದು ಫ್ಲೋರೈಡ್ ಬಗ್ಗೆ. ಸಮುದ್ರದ ನೀರಲ್ಲೇ ಲೀಟರಿಗೆ ಸುಮಾರು 1.3 ಮಿ.ಗ್ರಾಂ ಫ್ಲೋರೈಡ್ ಇದೆ. ಹವಳ ಅದರಲ್ಲೇ ಹುಟ್ಟಿ ಬೆಳೆಯೋದು. ನಮಗೆ 1.0 ಇರಬೇಕು, ಬೇರೆ ದಾರಿ ಇಲ್ಲದಿದ್ರೆ 1.5. ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮೊದಲು ಮಕ್ಕಳ ಹಲ್ಲಲ್ಲಿ ಕಂದು ಪಟ್ಟೆ, ಆಮೇಲೆ ಮೂಳೆ ಕೀಲು ಬಿಗಿಯೋದು. ನಮ್ಮ ಕಡೆ ಬಸ್‌ಸ್ಟ್ಯಾಂಡಲ್ಲಿ ಹತ್ತು ನಿಮಿಷ ಕೂತ್ರೆ ಇದು ಕಣ್ಣಿಗೆ ಬೀಳತ್ತೆ.

ನೀರಲ್ಲಿ ಅದು ಯಾಕೆ ಏರತ್ತೆ ಅನ್ನೋದು ಮತ್ತೆ ಕ್ಯಾಲ್ಷಿಯಂ ಕಥೆಯೇ. ಮಧುಗಿರಿ ಬೆಟ್ಟದಂಥ ಗ್ರಾನೈಟ್ ಶಿಲೆಯ ಖನಿಜಗಳಲ್ಲಿ ಫ್ಲೋರೈಡ್ ಇರತ್ತೆ. ನೀರಲ್ಲಿ ಕ್ಯಾಲ್ಷಿಯಂ ಧಾರಾಳವಾಗಿದ್ರೆ ಎರಡೂ ಸೇರಿ ಕ್ಯಾಲ್ಷಿಯಂ ಫ್ಲೋರೈಡ್ ಆಗಿ ಕೂರತ್ತೆ. ಬೈಕಾರ್ಬೊನೇಟ್ ಜಾಸ್ತಿ ಇದ್ದು ಕ್ಯಾಲ್ಷಿಯಂ ಮೊದಲೇ ಸುಣ್ಣದ ಕಲ್ಲಾಗಿ ಹೋಗಿದ್ರೆ ಫ್ಲೋರೈಡ್‌ಗೆ ತಡೆ ಇಲ್ಲ. ಪಿಯುಸಿಯ ಸಾಲ್ಯುಬಿಲಿಟಿ ಪ್ರಾಡಕ್ಟ್ ಹಾಕಿ ನೋಡಿ: ಕ್ಯಾಲ್ಷಿಯಂ 200 ಮಿ.ಗ್ರಾಂ ಇರೋ ನೀರು ಹಿಡಿದಿಡಬಲ್ಲ ಫ್ಲೋರೈಡ್ 1.7 ಮಿ.ಗ್ರಾಂ ಆಸುಪಾಸು, ಕ್ಯಾಲ್ಷಿಯಂ 20ಕ್ಕೆ ಇಳಿದ್ರೆ 5ರ ಮೇಲೆ. ಇದು ಪುಸ್ತಕದ ಲೆಕ್ಕ, ನಿಜವಾದ ಬೋರ್‌ನಲ್ಲಿ ಹೆಚ್ಚುಕಡಿಮೆ ಆಗತ್ತೆ. ಆದ್ರೆ ದಿಕ್ಕು ಇದೇ.

ಇದರಿಂದ ಮನೆಗೆ ಹೇಳಬೇಕಾದ ಮೂರು ಮಾತು ಸಿಗತ್ತೆ.

ಒಂದು, "ನಮ್ಮ ನೀರು ಸವಳು ಇಲ್ಲ, ಸೋಪು ಚೆನ್ನಾಗಿ ನೊರೆ ಬರತ್ತೆ" ಅನ್ನೋದು ಫ್ಲೋರೈಡ್ ಇಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ. ಕ್ಯಾಲ್ಷಿಯಂ ಕಡಿಮೆ ಇರೋ ಮೆದು ನೀರಲ್ಲೇ ಅದು ಜಾಸ್ತಿ ಇರೋ ಸಾಧ್ಯತೆ ಇದೆ.

ಎರಡು, ಟಿಡಿಎಸ್ ಪೆನ್ ಫ್ಲೋರೈಡ್ ತೋರಿಸಲ್ಲ. ಅದು ಒಟ್ಟು ಅಯಾನ್‌ಗಳ ವಾಹಕತೆ ಅಷ್ಟೇ ಓದತ್ತೆ. ಫ್ಲೋರೈಡ್‌ಗೆ ಬಣ್ಣ ಬದಲಾಗೋ ಫೀಲ್ಡ್ ಕಿಟ್ ಅಥವಾ ಫ್ಲೋರೈಡ್ ಎಲೆಕ್ಟ್ರೋಡ್ ಬೇಕು.

ಮೂರು, ಕುದಿಸಿದ್ರೆ ಕ್ರಿಮಿ ಸಾಯತ್ತೆ, ಫ್ಲೋರೈಡ್ ಹೋಗಲ್ಲ. ಫ್ಯಾನ್ ಹಾಕಿದ ತೊಟ್ಟಿಯಲ್ಲಿ ಉಪ್ಪಿಗೆ ಏನಾಯ್ತೋ ಒಲೆ ಮೇಲಿನ ಪಾತ್ರೆಯಲ್ಲಿ ಫ್ಲೋರೈಡ್‌ಗೂ ಅದೇ ಆಗತ್ತೆ. ನೀರು ಆರಿದಷ್ಟೂ ಅದು ಗಟ್ಟಿಯಾಗತ್ತೆ. "ನಾವು ಕಾಯಿಸಿಯೇ ಕುಡಿಯೋದು" ಅಂತ ಅಜ್ಜಿ ಹೇಳಿದ್ರೆ ಈ ಲೆಕ್ಕವನ್ನ ಕೂತು ಹೇಳಿ.

ಹಾಗಾದ್ರೆ ತೊಟ್ಟಿಯಲ್ಲಿ ಏನಿಡೋದು?

ಅಕ್ವೇರಿಯಂ ಆಸೆ ಇದ್ರೆ ನಮ್ಮ ನೀರಿಗೆ ಒಪ್ಪೋ ಜೀವಗಳಿವೆ. ಮೋಲಿ, ಗಪ್ಪಿ ಮೀನುಗಳು ಗಡಸು, ಕ್ಷಾರೀಯ ನೀರಲ್ಲೇ ಚೆನ್ನಾಗಿರ್ತವೆ. ಹವಳಕ್ಕೆ ಹೇಳಿದ ನಿಯಮ ಅವಕ್ಕೂ ಅನ್ವಯ: ಆರಿದ ನೀರಿನ ಜಾಗಕ್ಕೆ ಕ್ಯಾನ್ ನೀರು ಹಾಕಿ, ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ನೀರು ಕೊಡಿ, ಯಾವುದನ್ನೂ ಏಕಾಏಕಿ ಬದಲಾಯಿಸಬೇಡಿ. ಹವಳವನ್ನೇ ನೋಡಬೇಕು ಅಂದ್ರೆ ಕರ್ನಾಟಕದಲ್ಲೇ ಇದೆ. ಮುರುಡೇಶ್ವರದಿಂದ ಬೋಟ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಬಹುದು. ಮುಟ್ಟಬೇಡಿ, ಅದರ ಮೇಲೆ ಕಾಲಿಡಬೇಡಿ.

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನ ಮನೆಯ ಬೋರ್ ನೀರಲ್ಲೇ ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ, ಊರು ಮತ್ತು ತಾರೀಖು ಬರೆದು ತನ್ನಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಮಾದರಿಗೆ ಪ್ಲಾಸ್ಟಿಕ್ಕೇ ಸರಿ. ಗಡಸುತನ, ಕ್ಷಾರೀಯತೆ ನಾವೇ ಟೈಟ್ರೇಟ್ ಮಾಡಬಹುದು, ಬ್ಯುರೆಟ್ ಹಿಡಿಯೋದು ಎಲ್ಲರಿಗೂ ಬರತ್ತೆ. ಫ್ಲೋರೈಡ್ ಕಿಟ್‌ಗೆ ನಾವು ನಾಲ್ಕು ಜನ ದುಡ್ಡು ಹಾಕ್ತಿದೀವಿ.